ಬಿ ಖಾತಾ ಕಂಪ್ಯೂಟರ್

ಹಬ್ಬಕ್ಕೆ ಊರಿಗೆ ಹೋದ ಸಾಫ್ಟ್‌ವೇರ್ ಮಕ್ಕಳಿಗೆ ಒಂದು ಕೆಲಸ ಯಾವಾಗಲೂ ಕಾದಿರುತ್ತೆ. ಎಣ್ಣೆಸ್ನಾನ ಮುಗಿಸಿ, ಎರಡು ಕಜ್ಜಾಯ ಜಾಸ್ತಿಯೇ ತಿಂದು, ಇನ್ನೇನು ಕಣ್ಣು ಮುಚ್ಚೋಣ ಅನ್ನುವಷ್ಟರಲ್ಲಿ ಅಪ್ಪ ಬಾಗಿಲ ಹತ್ತಿರ ನಿಂತು, ‘ಆ ಕಂಪ್ಯೂಟರ್ ಯಾಕೋ ಏನೇನೋ ಹೇಳ್ತಿದೆ, ಒಂಚೂರು ನೋಡು’ ಅಂತಾರೆ. ನೀವು ಬೆಂಗಳೂರಲ್ಲಿ ಕ್ಲೌಡ್ ಆರ್ಕಿಟೆಕ್ಟ್ ಆಗಿರಬಹುದು, ಟೆಸ್ಟಿಂಗ್ ಲೀಡ್ ಆಗಿರಬಹುದು, ಎಚ್‌ಆರ್ ಕೂಡ ಆಗಿರಬಹುದು. ಊರಿನ ಲೆಕ್ಕದಲ್ಲಿ ಎಲ್ಲರೂ ಕಂಪ್ಯೂಟರ್ ರಿಪೇರಿಯವರೇ.

2025ರ ದೀಪಾವಳಿಗೆ ಈ ಕೆಲಸ ಸ್ವಲ್ಪ ಜಾಸ್ತಿಯೇ ಇತ್ತು. ಹಬ್ಬಕ್ಕೆ ಹೆಚ್ಚುಕಡಿಮೆ ಒಂದು ವಾರ ಇರುವಾಗ, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಬೆಂಬಲದ ಅವಧಿ ಮುಗಿಯಿತು. ಹಾಲಿನ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಹಳೇ ಡೆಸ್ಕ್‌ಟಾಪುಗಳನ್ನು ಏನು ಮಾಡೋದು ಅನ್ನೋ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಒಟ್ಟಿಗೇ ಎದ್ದಿತು.

ಒಂದು ಮಾಮೂಲಿ ಕೇಸ್ ತಗೊಳ್ಳೋಣ. 2012ರಲ್ಲಿ ಅಪ್ಪ ಶೋರೂಮಿಗೆ ಹೋಗಿ, ಬಿಲ್ ಹಾಕಿಸಿ ಕೊಂಡ ಕಂಪ್ಯೂಟರ್. ಒಳಗೆ ವಿಂಡೋಸ್ 7, ಪೆಟ್ಟಿಗೆಯ ಪಕ್ಕಕ್ಕೆ ಬಣ್ಣದ ಸ್ಟಿಕ್ಕರ್, ಅದರ ಮೇಲೆ 25 ಅಕ್ಷರಗಳ ಕೀ. 2016ರ ಯುಗಾದಿಗೆ ಬಂದಿದ್ದ ನೀವೇ ಅದನ್ನು ಉಚಿತವಾಗಿ ವಿಂಡೋಸ್ 10ಕ್ಕೆ ಏರಿಸಿ ಹೋಗಿದ್ದಿರಿ. ಈ ಮಳೆಗಾಲದಲ್ಲಿ ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಪೇಟೆಯ ಅಂಗಡಿಯವನು ಅದೇ ಕಾಲದ ಇನ್ನೊಂದು ಬೋರ್ಡ್ ಹುಡುಕಿ ತಂದು ಕೂರಿಸಿದ. ಹೇಗೂ ಬಿಚ್ಚಿದ್ದೀವಲ್ಲ ಅಂತ ಎಸ್‌ಎಸ್‌ಡಿ ಒಂದು ಹಾಕಿದ, ರ್‍ಯಾಮ್ ಎರಡು ಪಟ್ಟು ಮಾಡಿದ. ಕಂಪ್ಯೂಟರ್ ಎದ್ದು ಕೂತಿತು. ಮೊದಲಿಗಿಂತ ಚುರುಕಾಗಿಯೇ ಇದೆ, ಫೈಲುಗಳೂ ಇವೆ. ಆದರೆ ಪರದೆಯ ಬಲಮೂಲೆಯಲ್ಲಿ ಬೂದು ಬಣ್ಣದ ಎರಡು ಸಾಲು ಬಂದು ನಿಂತಿದೆ: ವಿಂಡೋಸನ್ನು ಆಕ್ಟಿವೇಟ್ ಮಾಡಿ, ಸೆಟ್ಟಿಂಗ್ಸಿಗೆ ಹೋಗಿ.

ಸೆಟ್ಟಿಂಗ್ಸಿಗೆ ಹೋದರೆ ಅಲ್ಲೊಂದು ಎರರ್ ಕೋಡ್. ಹಬ್ಬಕ್ಕೆ ಮುಂಚೆ ಅಪ್ಪ ಅದನ್ನು ಫೋನಿನಲ್ಲಿ ಓದಿ ಹೇಳಿರುತ್ತಾರೆ: ‘ಸೊನ್ನೆ, ಎಕ್ಸು, ಸಿ, ಆಮೇಲೆ ಎರಡು ಸೊನ್ನೆ, ನಾಲ್ಕು, ಎಫ್ಪು, ಎರಡು, ಒಂದು, ಇನ್ನೊಂದು ಒಂದು.’ ಕನ್ನಡಕ್ಕೆ ತಂದರೆ ಇದರ ಅರ್ಥ ಇಷ್ಟೇ: ನಿಮ್ಮ ಯಂತ್ರಾಂಶ ಬದಲಾಗಿದೆ. ಇದನ್ನೆಲ್ಲ ನೀವು ವಿವರಿಸಿದ ಮೇಲೆ ಅಪ್ಪ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅದಕ್ಕೆ ನಾವು ದುಡ್ಡು ಕೊಟ್ಟಿದ್ವಲ್ಲ?’

ಬಿಲ್ ಕೂಡ ಇದೆ. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ ಇಟ್ಟಿರುವ ಅದೇ ಪ್ಲಾಸ್ಟಿಕ್ ಕವರಿನಲ್ಲಿ.

ಅಪ್ಪನ ಪ್ರಶ್ನೆ ಸರಿಯಾದ ಪ್ರಶ್ನೆ. ಆದರೆ ಆಕ್ಟಿವೇಶನ್ ಅನ್ನೋ ವ್ಯವಸ್ಥೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಇವರು ದುಡ್ಡು ಕೊಟ್ಟಿದ್ದಾರಾ ಅಂತ ಅದು ಕೇಳುವುದಿಲ್ಲ. ‘ನೀನು ಹಿಂದೆ ನೋಡಿದ ಅದೇ ಮೆಷೀನಾ?’ ಅಂತ ಕೇಳುತ್ತೆ. ಎರಡಕ್ಕೂ ಬಹಳ ಸಲ ಉತ್ತರ ಒಂದೇ ಆಗಿರುವುದರಿಂದ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಹಳೇ ಕಂಪ್ಯೂಟರನ್ನು ಉಳಿಸಿಕೊಳ್ಳೋಣ ಅಂತ ಕೈ ಹಾಕಿದ ದಿನ ಗೊತ್ತಾಗುತ್ತೆ.

ಬೆಂಗಳೂರಿನಲ್ಲಿ ಸೈಟು, ಫ್ಲ್ಯಾಟು ಅಂತ ಓಡಾಡಿದವರಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ಬಿ ಖಾತಾ ಆಸ್ತಿ ಗೊತ್ತಲ್ಲ? ದುಡ್ಡು ಕೊಟ್ಟು ಕೊಂಡಿರುತ್ತೀರಿ, ನೋಂದಣಿ ಆಗಿರುತ್ತೆ, ಮನೆಯಲ್ಲಿ ವಾಸ ಇರುತ್ತೀರಿ, ವರ್ಷ ವರ್ಷ ತೆರಿಗೆಯನ್ನೂ ಕಟ್ಟಿಸಿಕೊಳ್ಳುತ್ತಾರೆ. ಆದರೆ ಬ್ಯಾಂಕಿನವರು ಸಾಲ ಕೊಡೋಕೆ ಮೂಗು ಮುರೀತಾರೆ, ನಕ್ಷೆ ಮಂಜೂರಾತಿಗೆ ಹೋದರೆ ಬಾಗಿಲು ಮುಚ್ಚಿರುತ್ತೆ. ನಿಮ್ಮ ಮನೆ ಇದೆ, ಪುಸ್ತಕದಲ್ಲಿ ಮಾತ್ರ ಅದು ಸರಿಯಾದ ಪುಟದಲ್ಲಿ ಇಲ್ಲ. ಆಕ್ಟಿವೇಟ್ ಆಗದ ವಿಂಡೋಸ್ ಥೇಟ್ ಹೀಗೇ. ನಡೆಯುತ್ತೆ. ಬೆಂಬಲ ಇರುವ ಆವೃತ್ತಿಯಾದರೆ ಅಪ್‌ಡೇಟೂ ಬರುತ್ತೆ. ಆದರೆ ವಾಲ್‌ಪೇಪರ್ ಬದಲಿಸುವ ಪುಟಕ್ಕೆ ಬೀಗ, ಮತ್ತು ಏನೇ ತೆರೆದರೂ ಅದರ ಮೇಲೆ ತೇಲುವ ಆ ಬೂದು ಸಾಲು. ಮನೆಗೆ ಬಂದ ನೆಂಟರು ಅದನ್ನು ನೋಡಿ, ‘ಪೈರೇಟೆಡ್ಡಾ?’ ಅಂತ ನಗುತ್ತಾರೆ.

ಇದು ಶುರುವಾದದ್ದು ಹೇಗೆ ಅಂತ ನೋಡಿದರೆ ವಿಷಯ ಇನ್ನೂ ಸ್ಪಷ್ಟ ಆಗುತ್ತೆ. ವಿಂಡೋಸ್ 95ರ ಕಾಲದಲ್ಲಿ ಬೀಗ ಅಂದರೆ ಸಿಡಿ ಡಬ್ಬದ ಮೇಲಿನ ಸಂಖ್ಯೆ ಅಷ್ಟೇ. ಅಂಗಡಿಯಲ್ಲಿ ಮಾರುತ್ತಿದ್ದ ಪ್ರತಿಯ ಕೀಯಲ್ಲಿ ಮೊದಲು ಮೂರಂಕಿ, ಆಮೇಲೆ ಏಳಂಕಿ. ಆ ಏಳು ಅಂಕಿಗಳನ್ನು ಕೂಡಿದರೆ ಬರುವ ಮೊತ್ತ 7ರಿಂದ ಭಾಗವಾದರೆ ಕಂಪ್ಯೂಟರಿಗೆ ಒಪ್ಪಿಗೆ. ಬರೀ ಒಂದುಗಳನ್ನು ಒತ್ತುತ್ತಾ ಹೋದರೂ ನಡೆಯುತ್ತಿತ್ತು. ಅದೊಂದು ಚಿಲಕ, ಬೀಗ ಅಲ್ಲ. ಎಸ್‌ಪಿ ರೋಡಿನ ಅಸೆಂಬಲ್ಡ್ ಕಂಪ್ಯೂಟರುಗಳ ಕಾಲದಲ್ಲಿ ಒಂದು ಸಿಡಿ ಇಡೀ ಬೀದಿಗೆ ಸಾಕಾಗುತ್ತಿತ್ತು. ಕಂಪನಿಗೆ ಇದರಿಂದ ಹೊಟ್ಟೆ ಉರಿದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಆಗ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ. ಅಕ್ಟೋಬರ್ 25ಕ್ಕೆ ಬಿಡುಗಡೆ. ಕೀ ಹಾಕಿದರೆ ಸಾಲದು, 30 ದಿನದೊಳಗೆ ಇಂಟರ್ನೆಟ್ಟಿನಲ್ಲೋ ಫೋನಿನಲ್ಲೋ ಆಕ್ಟಿವೇಟ್ ಮಾಡಿಸಬೇಕು, ಇಲ್ಲದಿದ್ದರೆ ಲಾಗಿನ್ ಆಗೋಕೇ ಬಿಡಲ್ಲ. ಆದರೆ ದೊಡ್ಡ ಸಂಸ್ಥೆಗಳು ಸಾವಿರಾರು ಕಂಪ್ಯೂಟರಿಗೆ ಹೀಗೆ ಮಾಡುತ್ತಾ ಕೂರೋಕಾಗುತ್ತಾ? ಅವರಿಗೆ ಆಕ್ಟಿವೇಶನ್ ಬೇಡದ ವಾಲ್ಯೂಮ್ ಕೀ ಕೊಟ್ಟರು. ಅಂಥದ್ದೊಂದು ಕೀ ಬಿಡುಗಡೆಗೆ ಮುಂಚೆಯೇ ಸೋರಿಹೋಯಿತು. ಅಲ್ಲಿಗೆ ಕಥೆ ಮುಗೀತು. ದುಡ್ಡು ಕೊಟ್ಟು ಕೊಂಡವರು ದಿನ ಎಣಿಸುತ್ತಾ ಅಂಕಿ ಒತ್ತುತ್ತಾ ಕೂತರು. ಕದ್ದ ಪ್ರತಿ ಹಾಕಿಕೊಂಡವರು ಮೊದಲ ದಿನದಿಂದ ನಿಶ್ಚಿಂತೆಯಾಗಿದ್ದರು. ಮರುವರ್ಷದ ಸರ್ವಿಸ್ ಪ್ಯಾಕಿನಲ್ಲಿ ಸೋರಿದ ಕೀಗಳನ್ನು ತಡೆದರು, ನಿಜ. ಆದರೆ ಯಾರ ಮೇಲೆ ಭಾರ ಬೀಳುತ್ತೆ ಅನ್ನೋದು ಹುಟ್ಟಿದ ದಿನವೇ ತೀರ್ಮಾನ ಆಗಿಹೋಗಿತ್ತು.

ಎಕ್ಸ್‌ಪಿ ಕಂಪ್ಯೂಟರನ್ನು ಗುರುತಿಸುತ್ತಿದ್ದ ವಿಧಾನ ಜಾಣತನದ್ದು. ಪ್ರೊಸೆಸರ್, ಹಾರ್ಡ್ ಡಿಸ್ಕ್, ಡಿಸ್‌ಪ್ಲೇ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಸಿಡಿ ಡ್ರೈವ್, ರ್‍ಯಾಮಿನ ಪ್ರಮಾಣ, ಹೀಗೆ ಹತ್ತು ಅಂಶಗಳಿಂದ ಒಂದು ಸಂಕ್ಷಿಪ್ತ ಗುರುತು ತಯಾರಿಸೋದು. ಒಂದೆರಡು ಬದಲಾದರೆ ಪರವಾಗಿಲ್ಲ. ಹಲವು ಬದಲಾದರೆ ಇದು ಬೇರೆ ಮೆಷೀನ್, ಮತ್ತೆ ಆಕ್ಟಿವೇಟ್ ಮಾಡಿ. ಒಂಥರಾ ವೋಟಿಂಗ್. ಅಜ್ಜನ ಕಾಲದ ಮನೆಗೆ ಹಂಚು ಬದಲಿಸಿ, ತೊಲೆ ಬದಲಿಸಿ, ನೆಲಕ್ಕೆ ಟೈಲ್ಸ್ ಹಾಕಿದ ಮೇಲೂ ಅದು ಅಜ್ಜನ ಮನೆಯೇ ಅಂತ ನಾವು ಹೇಳುತ್ತೇವೆ, ಯಾಕೆಂದರೆ ಅದರೊಳಗೆ ಇರೋರು ನಾವು. ಕಂಪ್ಯೂಟರಿಗೆ ಒಳಗೆ ಯಾರಿದ್ದಾರೆ ಅನ್ನೋದು ಗೊತ್ತಾಗಲ್ಲ. ಅದು ಹಂಚು ಎಣಿಸುತ್ತೆ.

ಫೋನ್ ಆಕ್ಟಿವೇಶನ್ ನೆನಪಿರುವವರು ಈಗ ಮೂವತ್ತು ದಾಟಿದವರು. ಪರದೆಯ ಮೇಲೆ ಐವತ್ತು ಚಿಲ್ಲರೆ ಅಂಕಿ, ಆರಾರರ ಗುಂಪಿನಲ್ಲಿ. ಅವನ್ನು ಒತ್ತಬೇಕು. ಆಮೇಲೆ ಆ ಕಡೆಯವರು ಓದಿ ಹೇಳುವ ನಲವತ್ತಕ್ಕೂ ಹೆಚ್ಚು ಅಂಕಿ ಬರೆದುಕೊಂಡು ಟೈಪ್ ಮಾಡಬೇಕು. ನಡುವೆ ಕರೆ ಕಟ್ಟಾದರೆ ಮೊದಲಿಂದ. ಎಲ್ಲರೂ ಬೈದ ವಿಧಾನ ಇದು. ಆದರೆ ಇಷ್ಟು ವರ್ಷದ ಮೇಲೆ ನೋಡಿದರೆ, ಇಡೀ ವ್ಯವಸ್ಥೆಯಲ್ಲಿ ಮನುಷ್ಯರ ಮಾತಿಗೆ ಬೆಲೆ ಇದ್ದದ್ದು ಇಲ್ಲೊಂದೇ ಕಡೆ. ಈ ಪ್ರತಿಯನ್ನು ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ ಅಂತ ಕೇಳುತ್ತಿದ್ದರು. ಒಂದು ಅಂದರೆ ನಂಬುತ್ತಿದ್ದರು. ಬೋರ್ಡ್ ಸುಟ್ಟುಹೋಯ್ತು ಸಾರ್ ಅಂತ ಹೇಳೋಕೆ ಆ ಕಡೆ ಒಂದು ಕಿವಿ ಇತ್ತು. ಎರರ್ ಕೋಡಿಗೆ ಕಿವಿ ಇಲ್ಲ.

ಆಮೇಲಿನ ಹಂತದಲ್ಲಿ ಭಾಷೆಯೇ ಬದಲಾಯಿತು. 2006ರ ಹೊತ್ತಿಗೆ ‘ಜೆನ್ಯುಯಿನ್’ ಅನ್ನೋ ಪದ ಬಂತು. ಪರೀಕ್ಷೆಯಲ್ಲಿ ಫೇಲಾದರೆ, ನೀವು ನಕಲಿ ತಂತ್ರಾಂಶಕ್ಕೆ ಬಲಿಯಾಗಿರಬಹುದು ಅನ್ನುವಂಥ ಸಂದೇಶ. ಈ ವಾಕ್ಯವನ್ನು ಸ್ವಲ್ಪ ನಿಂತು ಓದಬೇಕು. ಬಲಿಯಾದವರು ಅಂತ ಅನುಕಂಪ ತೋರಿಸುತ್ತೆ, ಶಿಕ್ಷೆಯನ್ನೂ ಅವರಿಗೇ ಕೊಡುತ್ತೆ. ವಿಸ್ಟಾದಲ್ಲಂತೂ ಆಕ್ಟಿವೇಟ್ ಮಾಡದಿದ್ದರೆ ಒಂದು ಗಂಟೆ ಬ್ರೌಸರ್ ಕೊಟ್ಟು ಆಮೇಲೆ ಹೊರಗೆ ಕಳಿಸುವ ಸ್ಥಿತಿ ಇತ್ತು. ಜನ ಎಷ್ಟು ಗಲಾಟೆ ಮಾಡಿದರು ಅಂದರೆ 2008ರ ಸರ್ವಿಸ್ ಪ್ಯಾಕಿನಲ್ಲಿ ಅದನ್ನು ತೆಗೆದರು.

ನ್ಯಾಯಾಧೀಶರೇ ತಪ್ಪು ಮಾಡಿದರೆ? ಅದೂ ಆಗಿದೆ. 2007ರ ಆಗಸ್ಟ್ 24ರಂದು, ಇನ್ನೂ ಸಿದ್ಧವಾಗದ ಕೋಡನ್ನು ಅಸಲಿ ಸರ್ವರುಗಳಿಗೆ ಹಾಕಿಬಿಟ್ಟದ್ದರಿಂದ, ಸರಿಯಾಗಿದ್ದ ಎಕ್ಸ್‌ಪಿ ಮತ್ತು ವಿಸ್ಟಾ ಕಂಪ್ಯೂಟರುಗಳೂ ನಕಲಿ ಅಂತ ತೀರ್ಪು ಪಡೆದವು. ತೊಂದರೆಗೆ ಸಿಕ್ಕಿದ್ದು 12,000ಕ್ಕಿಂತ ಕಡಿಮೆ ಅಂತ ಮೈಕ್ರೋಸಾಫ್ಟೇ ಹೇಳಿತು. 2018ರ ನವೆಂಬರಿನಲ್ಲಿ ಮತ್ತೆ: ವಿಂಡೋಸ್ 10 ಪ್ರೊ ಇದ್ದವರ ಕಂಪ್ಯೂಟರುಗಳು ಒಂದು ದಿನ ಬೆಳಗೆದ್ದು, ನಿಮ್ಮದು ಹೋಮ್ ಲೈಸೆನ್ಸ್, ಪ್ರೊ ಯಾಕೆ ಹಾಕಿದ್ದೀರಿ ಅಂತ ಕೇಳಿದವು. ಎರಡೂ ಸಲ ಬೇಗ ಸರಿ ಮಾಡಿದರು. ಪ್ರೊಡಕ್ಷನ್ನಿಗೆ ತಪ್ಪು ಕೋಡ್ ಹಾಕಿದವರಿಗೆ ನಾವು ಕಲ್ಲು ಹೊಡೆಯೋದು ಬೇಡ, ಆ ಶುಕ್ರವಾರ ಯಾರಿಗೂ ತಪ್ಪಿದ್ದಲ್ಲ. ಗಮನಿಸಬೇಕಾದದ್ದು ಬೇರೆ. ಸರ್ವರ್ ತಪ್ಪಿದಾಗ ಸಂಶಯದ ಲಾಭ ಯಾರಿಗೆ ಹೋಯಿತು? ಆ ಎರಡೂ ದಿನ ಗ್ರಾಹಕರಿಗಂತೂ ಹೋಗಲಿಲ್ಲ.

2015ರಲ್ಲಿ ವಿಂಡೋಸ್ 10 ಬಂದಾಗ ಎಲ್ಲ ಸುಲಭ ಆಯ್ತು ಅನ್ನಿಸಿತು. ಕೀ ಬೇಡ, ಸ್ಟಿಕ್ಕರ್ ಬೇಡ. ನಿಮ್ಮ ಮೆಷೀನಿನ ಗುರುತು ಅವರ ಸರ್ವರಿನಲ್ಲಿ ಇರುತ್ತೆ, ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೂ ತಾನೇ ಆಕ್ಟಿವೇಟ್ ಆಗುತ್ತೆ. ನಿಜಕ್ಕೂ ಒಳ್ಳೇ ಸೌಲಭ್ಯ, ಅದನ್ನು ಒಪ್ಪಬೇಕು. ಆದರೆ ಸದ್ದಿಲ್ಲದೆ ಆದದ್ದು ಏನೆಂದರೆ ನಿಮ್ಮ ಕೈಯಲ್ಲಿದ್ದ ಪುರಾವೆ ಹೋಯಿತು. ಉಚಿತವಾಗಿ ಏರಿದ ಕಂಪ್ಯೂಟರಿನೊಳಗೆ ಕೂತಿರುವ ಕೀ ನಿಮ್ಮದೊಂದೇ ಅಲ್ಲ, ಅದೇ ಆವೃತ್ತಿಗೆ ಏರಿದ ಎಲ್ಲರಿಗೂ ಹಂಚಿದ ಸಾಮಾನ್ಯ ಕೀ. ಹಕ್ಕು ಇರೋದು ಬೋರ್ಡಿನ ಗುರುತಿನಲ್ಲಿ. ಬೋರ್ಡ್ ಸುಟ್ಟರೆ ಹಕ್ಕುಪತ್ರ ಸುಟ್ಟಂತೆ. 2016ರ ಆಗಸ್ಟಿನಿಂದ ಇದಕ್ಕೊಂದು ಪರಿಹಾರ ಇದೆ: ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಟ್ಟರೆ, ಯಂತ್ರಾಂಶ ಬದಲಾಯಿಸಿದ್ದೇನೆ ಅಂತ ಹೇಳಿ ಮತ್ತೆ ಪಡೆಯಬಹುದು. ಆದರೆ ಬೋರ್ಡ್ ಕೆಡುವ ಮುಂಚೆಯೇ ಜೋಡಿಸಿರಬೇಕು. ಸಿಡಿಲು ಹೇಳಿ ಬರುತ್ತಾ?

ಹೋಗಲಿ, ನಿಯಮವಾದರೂ ನಮ್ಮ ಪರ ಇದೆಯಾ ಅಂತ ನೋಡಿದರೆ, ಅರ್ಧ ಇದೆ. ಕಂಪ್ಯೂಟರಿನ ಜೊತೆ ಬಂದ ಲೈಸೆನ್ಸ್ ಆ ಕಂಪ್ಯೂಟರಿನ ಜೊತೆಗೇ ಸಾಯುತ್ತೆ, ಮದರ್‌ಬೋರ್ಡ್ ಬದಲಿಸಿದರೆ ಅದು ಹೊಸ ಕಂಪ್ಯೂಟರ್ ಅಂತ ಲೆಕ್ಕ. ಬೋರ್ಡ್ ದೋಷದಿಂದ ಕೆಟ್ಟಿದ್ದಕ್ಕೆ ಬದಲಿಸಿದ್ದರೆ ಮಾತ್ರ, ಷರತ್ತುಗಳೊಂದಿಗೆ, ವಿನಾಯಿತಿ. ಅಂದರೆ ನಿಯಮ ಬರೆದವರಿಗೆ ಆಸೆಗೆ ಬದಲಿಸೋದು ಬೇರೆ, ಕೆಟ್ಟು ಬದಲಿಸೋದು ಬೇರೆ ಅಂತ ಗೊತ್ತಿತ್ತು. ಆದರೆ ನಿಯಮ ಜಾರಿ ಮಾಡುವ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಬದಲಾಗಿದೆ ಅನ್ನೋದಷ್ಟೇ ಅದಕ್ಕೆ ಕಾಣುತ್ತೆ, ಯಾಕೆ ಅನ್ನೋದು ಕಾಣಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗೆ ಕಣ್ಣೂ ಇಲ್ಲ.

ಸರಿ, ಸ್ಟಿಕ್ಕರಿನ ಮೇಲಿರುವ ಹಳೇ ವಿಂಡೋಸ್ 7 ಕೀ ಹಾಕಿದರಾಯ್ತು ಅಂತ ನೀವು ಯೋಚಿಸಬಹುದು. ಉಚಿತ ಅಪ್‌ಗ್ರೇಡ್ 2016ರ ಜುಲೈ 29ಕ್ಕೇ ಮುಗಿದಿತ್ತು. ಆದರೂ ಆ ಕೀಗಳು ಏಳು ವರ್ಷ ನಡೆದವು. ಹಿಂಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದನ್ನೂ ಮುಚ್ಚಿದರು. ಆ ತಿಂಗಳು ತಂತ್ರಜ್ಞಾನದಲ್ಲಿ ಏನೂ ಬದಲಾಗಿರಲಿಲ್ಲ, ನಿಮ್ಮ ಸ್ಟಿಕ್ಕರೂ ಬದಲಾಗಿರಲಿಲ್ಲ. ಯಾರೋ ಒಂದು ಸಾಲು ಬದಲಾಯಿಸಿದರು, ಅಷ್ಟೇ.

ಇನ್ನು ವಿಂಡೋಸ್ 11. ಇಲ್ಲಿ ಪ್ರಶ್ನೆಯೇ ಮತ್ತೊಂದು. ನೀನು ದುಡ್ಡು ಕೊಟ್ಟಿದ್ದೀಯಾ ಅಲ್ಲ, ನೀನು ಅದೇ ಮೆಷೀನಾ ಅಲ್ಲ, ನಿನ್ನ ಯೋಗ್ಯತೆ ಏನು ಅಂತ. ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ನಂತರದ್ದೇ ಆಗಬೇಕು. ಭದ್ರತೆಯ ದೃಷ್ಟಿಯಿಂದ ಇದಕ್ಕೆ ಕಾರಣಗಳಿವೆ. ಆದರೆ 2017ರ ಆರಂಭದಲ್ಲಿ ಕೊಂಡ, ಅಸಲಿ ಲೈಸೆನ್ಸಿನ, ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪ್ ಕೂಡ ಹೀಗೆ ಹೊರಗುಳಿಯುತ್ತೆ. ಹೊರಗುಳಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟಿನ ವಿಸ್ತರಣೆ ಇದೆ. 30 ಡಾಲರ್ ಕೊಡಬೇಕು, ಅಥವಾ ಸೆಟ್ಟಿಂಗ್ಸನ್ನೆಲ್ಲ ಅವರ ಕ್ಲೌಡಿಗೆ ಜೋಡಿಸಿದರೆ ಉಚಿತ. ಹೇಗಾದರೂ ಮೈಕ್ರೋಸಾಫ್ಟ್ ಅಕೌಂಟ್ ಬೇಕೇ ಬೇಕು. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಒತ್ತಡ ಹಾಕಿದ ಮೇಲೆ ಅಲ್ಲಿನವರಿಗೆ ಷರತ್ತು ಸಡಿಲವಾಯಿತು. ಕೇಳಿದವರಿಗೆ ಸಿಗುತ್ತೆ ಅನ್ನೋದನ್ನು ನೆನಪಿಟ್ಟುಕೊಳ್ಳೋಣ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲು ಹಕ್ಕು ಕಾಗದದ ಮೇಲಿತ್ತು, ಕಾಗದ ನಿಮ್ಮ ಮನೆಯಲ್ಲಿತ್ತು. ಆಮೇಲೆ ಬೋರ್ಡಿನೊಳಗೆ ಹೋಯಿತು, ಬೋರ್ಡೂ ನಿಮ್ಮ ಮನೆಯಲ್ಲೇ ಇತ್ತು. ಈಗ ಅಕೌಂಟಿಗೆ ಬಂದಿದೆ. ಕನ್ನಡದಲ್ಲಿ ಅದಕ್ಕೂ ಖಾತೆ ಅಂತಲೇ ಹೆಸರು. ಈ ಖಾತೆಪುಸ್ತಕ ಇರೋದು ಇನ್ನೊಬ್ಬರ ಮನೆಯಲ್ಲಿ, ಬರೆಯೋದೂ ಅಳಿಸೋದೂ ಅವರೇ. ಪ್ರತಿ ಹಂತದಲ್ಲೂ ನಮಗೆ ಅನುಕೂಲ ಹೆಚ್ಚಾಯಿತು, ಪ್ರತಿ ಹಂತದಲ್ಲೂ ‘ದುಡ್ಡು ಕೊಟ್ಟಿದ್ವಲ್ಲ’ ಅನ್ನೋ ಮಾತಿನ ತೂಕ ಕಡಿಮೆಯಾಯಿತು.

‘ಹಾಗಾದರೆ ಪೈರಸಿ ಮಾಡಲಿ ಅಂತೀಯಾ?’ ಅಂತ ಕೇಳುವವರಿಗೆ: ಇಲ್ಲ. ನಮ್ಮಲ್ಲಿ ಬಹಳ ಜನರ ಸಂಬಳ ಬರೋದೇ ಲೈಸೆನ್ಸಿನ ದುಡ್ಡಿನಿಂದ. ಎಸ್‌ಪಿ ರೋಡಿನ ಸಿಡಿಗಳಲ್ಲಿ ಕಂಪ್ಯೂಟರ್ ಕಲಿತು, ಈಗ ಕಂಪನಿಯ ಐಪಿ ಕಾಪಾಡುತ್ತೇವೆ ಅಂತ ಸಹಿ ಹಾಕಿರುವ ತಲೆಮಾರು ನಮ್ಮದು. ಬೀಗ ಇರಬಾರದು ಅನ್ನೋದು ನನ್ನ ವಾದ ಅಲ್ಲ. ಬೀಗ ಯಾರನ್ನು ಹೊರಗಿಡುತ್ತಿದೆ ಅಂತ ನೋಡಬೇಕು ಅನ್ನೋದು ವಾದ.

ಯಾಕೆಂದರೆ ಮುಂದೆ ಆಗೋದು ಇದು. ನೀವು ಸೋಮವಾರ ಬೆಂಗಳೂರಿಗೆ ವಾಪಸ್ ಬರುತ್ತೀರಿ. ಅಪ್ಪ ಆ ಬೂದು ಸಾಲನ್ನು ಒಂದು ತಿಂಗಳು ನೋಡಿ, ಪೇಟೆಗೆ ಹೋಗಿ ಕೇಳುತ್ತಾರೆ. ‘ಐನೂರು ಕೊಡಿ ಸಾರ್, ಲೈಫ್‌ಟೈಮ್ ಆಕ್ಟಿವೇಶನ್’ ಅಂತಾನೆ ಹುಡುಗ. ಅವನ ಪೆನ್‌ಡ್ರೈವಿನಲ್ಲಿ ಒಂದು ಪ್ರೋಗ್ರಾಂ ಇದೆ, ಸಂಸ್ಥೆಗಳ ಆಕ್ಟಿವೇಶನ್ ಸರ್ವರಿನ ವೇಷ ಹಾಕುವಂಥದ್ದು. ಆ ವಿಧಾನದಲ್ಲಿ ಆಕ್ಟಿವೇಶನ್ ನಿಲ್ಲೋದು 180 ದಿನ, ಹಾಗಾಗಿ ಪ್ರೋಗ್ರಾಂ ಒಳಗೇ ಕೂತು ಮತ್ತೆ ಮತ್ತೆ ನವೀಕರಿಸುತ್ತಿರಬೇಕು. ಅದನ್ನು ಹಾಕುವ ಮುಂಚೆ ಮೊದಲ ಹೆಜ್ಜೆ ಆಂಟಿವೈರಸ್ ಆಫ್ ಮಾಡೋದು. ಯಾರು ಬರೆದದ್ದು, ಜೊತೆಗೆ ಇನ್ನೇನು ಬಂತು, ಆ ಹುಡುಗನಿಗೂ ಗೊತ್ತಿಲ್ಲ. ಅದೇ ಕಂಪ್ಯೂಟರಿನಲ್ಲಿ ಅಪ್ಪ ಪಿಂಚಣಿಯ ಖಾತೆ ನೋಡುತ್ತಾರೆ, ಅಮ್ಮನ ಎಫ್‌ಡಿ ರಿನ್ಯೂ ಮಾಡುತ್ತಾರೆ.

2012ರಲ್ಲಿ ಪೈರೇಟೆಡ್ ಬೇಡ ಅಂತ ಜಾಸ್ತಿ ದುಡ್ಡು ಕೊಟ್ಟು ಅಸಲಿ ಕೊಂಡವರು ಅವರು. ಅಂಥವರನ್ನು ಕಳ್ಳಕೀಲಿಯ ಅಂಗಡಿಗೆ ಕಳಿಸಿದ್ದು ಅವರ ಆಸೆ ಅಲ್ಲ, ಆ ಬೀಗ. ಕಳ್ಳರನ್ನು ತಡೆಯೋಕೆ ಅಂತ ಹುಟ್ಟಿದ ವ್ಯವಸ್ಥೆಯ ಬಗ್ಗೆ ಇದಕ್ಕಿಂತ ದೊಡ್ಡ ಟೀಕೆ ನನಗೆ ಗೊತ್ತಿಲ್ಲ.

ಇದು ಒಂದು ಕಂಪನಿಯ ಕಾಯಿಲೆಯೂ ಅಲ್ಲ. ಕನ್ನಡದ ಡಿಟಿಪಿ ಮಾಡುವ ಹಳೇ ಅಂಗಡಿಗೆ ಹೋದರೆ, ಮೂಲೆಯಲ್ಲಿ ಎಕ್ಸ್‌ಪಿ ಓಡುವ ಒಂದು ಕಂಪ್ಯೂಟರ್ ಧೂಳು ಹಿಡಿದು ಕೂತಿರೋದನ್ನು ನೋಡಿರಬಹುದು. ಅದನ್ನು ಯಾಕೆ ಎಸೆದಿಲ್ಲ? ಹಿಂದೆ ಕೆಲವು ಫಾಂಟ್ ತಂತ್ರಾಂಶಗಳ ಬೀಗ ಅಂದರೆ ಡಾಂಗಲ್, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹೆಬ್ಬೆರಳ ಗಾತ್ರದ ಡಬ್ಬಿ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಡಾಂಗಲ್ ಇಲ್ಲದೆ ತಂತ್ರಾಂಶ ಇಲ್ಲ. ಆ ಫಾಂಟುಗಳು ಯೂನಿಕೋಡ್ ಅಲ್ಲದ್ದರಿಂದ, ಅವಿಲ್ಲದೆ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹೀಗೆ ಊರ ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಯಾರದೋ ಮೊದಲ ಕವನ ಸಂಕಲನ, ಎಲ್ಲವೂ ಆ ಒಂದು ಡಬ್ಬಿಯ ಆಯುಷ್ಯಕ್ಕೆ ಕಟ್ಟುಬಿದ್ದಿರುತ್ತವೆ. ಬೀಗ ಹಾಕಿದ್ದು ತಂತ್ರಾಂಶಕ್ಕೆ, ಒಳಗೆ ಸಿಕ್ಕಿಕೊಂಡಿದ್ದು ನಮ್ಮ ಬರಹ.

ಬೇರೆ ದಾರಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ಅಡೋಬಿ ತನ್ನ ಸಿಎಸ್2 ತಂತ್ರಾಂಶಗಳ ಆಕ್ಟಿವೇಶನ್ ಸರ್ವರನ್ನು ನಿಲ್ಲಿಸಿದಾಗ, 2013ರ ಆರಂಭದಲ್ಲಿ, ಆಕ್ಟಿವೇಶನ್ ಬೇಡದ ಪ್ರತಿಗಳನ್ನೂ ಅವುಗಳ ಸೀರಿಯಲ್ ಸಂಖ್ಯೆಗಳನ್ನೂ ತಾನೇ ಹೊರಗಿಟ್ಟಿತು. ಕೊಂಡವರಿಗೆ ಮಾತ್ರ ಅಂತ ಹೇಳಿತ್ತು, ಬೇರೆಯವರೂ ಇಳಿಸಿಕೊಂಡರು. ಆದರೂ ಹಾಗೆ ಮಾಡಿತು. ಬೀಗ ಕಾಯೋಕೆ ಆಗದ ದಿನ ಕೀಲಿಯನ್ನು ಬಾಗಿಲ ಹತ್ತಿರ ಇಟ್ಟು ಹೋಗೋದು, ಮರ್ಯಾದಸ್ಥ ಮನೆ ಮಾಲೀಕ ಮಾಡುವ ಕೆಲಸ.

ಅಷ್ಟರವರೆಗೆ ನಾವು ಮಾಡಬಹುದಾದದ್ದು ಇಷ್ಟು. ಊರಿನ ಕಂಪ್ಯೂಟರ್ ಚೆನ್ನಾಗಿರುವಾಗಲೇ ಲೈಸೆನ್ಸನ್ನು ಒಂದು ಅಕೌಂಟಿಗೆ ಜೋಡಿಸಿ, ಅದರ ಪಾಸ್‌ವರ್ಡನ್ನು ಅಪ್ಪನ ಡೈರಿಯಲ್ಲೂ ಬರೆದಿಡಿ. ಸ್ಟಿಕ್ಕರಿನ ಅಕ್ಷರ ಅಳಿಸುವ ಮುಂಚೆ ಫೋಟೋ ತೆಗೆಯಿರಿ, ಬಿಲ್ಲಿನದೂ ತೆಗೆಯಿರಿ. ಹೋಮ್ ಇದೆಯಾ ಪ್ರೊ ಇದೆಯಾ ನೋಡಿಕೊಂಡು, ಮತ್ತೆ ಹಾಕುವಾಗ ಅದನ್ನೇ ಹಾಕಿ. ಎಷ್ಟೋ ಆಕ್ಟಿವೇಶನ್ ಜಗಳ ಈ ಒಂದು ತಪ್ಪಿನಿಂದ ಆಗುತ್ತೆ. ಬೋರ್ಡ್ ಬದಲಿಸಲೇಬೇಕಾದರೆ ಹಳೇದರ ರಸೀದಿ, ಅದು ಕೆಟ್ಟದ್ದಕ್ಕೆ ಅಂಗಡಿಯವರ ಒಂದು ಚೀಟಿ ಇಟ್ಟುಕೊಂಡು ಸಹಾಯವಾಣಿಯಲ್ಲಿ ಮನುಷ್ಯರು ಸಿಗುವ ತನಕ ಬಿಡಬೇಡಿ. ಐನೂರರ ಕೀ ಬೇಡ. ಬರೀ ಬ್ರೌಸರ್ ಸಾಕು ಅನ್ನುವವರಿಗೆ ಲಿನಕ್ಸ್ ಹಾಕಿಕೊಡಿ, ಅದು ಯಾರನ್ನೂ ಗುರುತಿನ ಚೀಟಿ ಕೇಳಲ್ಲ. ಆದರೆ ಅಪ್ಪ ಇಪ್ಪತ್ತು ವರ್ಷದಿಂದ ನುಡಿಯಲ್ಲಿ ಬರೆದಿಟ್ಟದ್ದು ಅಲ್ಲಿ ಸರಿಯಾಗಿ ತೆರೆಯುತ್ತಾ ಅಂತ ನೋಡಿ, ಯೂನಿಕೋಡಿಗೆ ಬದಲಿಸಿ, ಆಮೇಲೆ ಹಾಕಿ.

ಕೊನೆಯದಾಗಿ, ಇದನ್ನು ಓದುತ್ತಿರುವವರಲ್ಲಿ ಲೈಸೆನ್ಸ್ ಪರೀಕ್ಷಿಸುವ ಕೋಡ್ ಬರೆದವರೂ ಇರುತ್ತೀರಿ. ಔಟರ್ ರಿಂಗ್ ರೋಡಿನ ಯಾವುದೋ ಮಹಡಿಯಲ್ಲಿ, ಸ್ಪ್ರಿಂಟ್ ಮುಗಿಯುವ ಗಡಿಬಿಡಿಯಲ್ಲಿ, ಪರೀಕ್ಷೆ ಪಾಸಾದರೆ ಏನಾಗಬೇಕು ಅಂತ ಚೆನ್ನಾಗಿ ಬರೆದು, ಫೇಲಾದರೆ ಅನ್ನುವ ಕಡೆ ಒಂದು ಎರರ್ ಕೋಡ್ ಹಾಕಿ ಮುಂದೆ ಹೋಗಿರುತ್ತೀರಿ. ಮುಂದಿನ ಸಲ ಆ ಸಾಲಿನ ಹತ್ತಿರ ಐದು ನಿಮಿಷ ನಿಲ್ಲಿ. ಕಳ್ಳರು ಆ ಸಾಲಿಗೆ ಬರೋದೇ ಕಡಿಮೆ, ಅವರು ಇಡೀ ಪರೀಕ್ಷೆಯನ್ನೇ ಕಿತ್ತುಹಾಕಿರುತ್ತಾರೆ. ಅಲ್ಲಿ ಬಂದು ನಿಲ್ಲೋರು ಬಹಳ ಸಲ ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ ಇಟ್ಟುಕೊಂಡವರು. ಅವರಿಗೆ ಅದನ್ನು ತೋರಿಸೋಕೆ ಒಂದು ಜಾಗ ಮಾಡಿಕೊಡಿ.